ಅಮ್ಮನಿಗೆ ಆರಾಮ, ಕಾರಿಗೆ ಬಾಳಿಕೆ: ಎರಡೂ ಒಂದೇ ಕಾರಿನಲ್ಲಿ ಸಿಗುತ್ತಾ?

ಪ್ರಶ್ನೆ: ನಾನು ಹಾಸನದಲ್ಲಿ ಬ್ಯಾಂಕ್ ಕೆಲಸದಲ್ಲಿದ್ದೇನೆ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, 68 ವರ್ಷದ ಅಮ್ಮ. ಅಮ್ಮನಿಗೆ ಮಂಡಿ ನೋವು, ಸೊಂಟ ನೋವು ಎರಡೂ ಇದೆ. ತಿಂಗಳಿಗೊಮ್ಮೆ ಅವರನ್ನು ಬೆಂಗಳೂರಿಗೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಬೇಕು. ಎರಡು ವಾರಕ್ಕೊಮ್ಮೆ ಸಕಲೇಶಪುರದ ಆಚೆ ಇರುವ ನಮ್ಮೂರಿಗೂ ಹೋಗುತ್ತೇವೆ. ಅಲ್ಲಿ ಕೊನೆಯ 4 ಕಿ.ಮೀ. ಮಣ್ಣು ರಸ್ತೆ. ಈಗಿರುವುದು 2014ರ ಸ್ವಿಫ್ಟ್ ಡೀಸೆಲ್. ಎಂಜಿನ್ ಚೆನ್ನಾಗಿದೆ, ಆದರೆ ಅಮ್ಮನಿಗೆ ಹತ್ತಿ ಇಳಿಯಲು ಆಗುತ್ತಿಲ್ಲ. ವರ್ಷಕ್ಕೆ ಸುಮಾರು 12,000 ಕಿ.ಮೀ. ಓಡಿಸುತ್ತೇನೆ. ಹೊಸ ಕಾರನ್ನು ಕನಿಷ್ಠ 12 ವರ್ಷ ಇಟ್ಟುಕೊಳ್ಳುವ ಯೋಚನೆ. ಬಜೆಟ್ ಆನ್‌ರೋಡ್ 24 ಲಕ್ಷದ ಒಳಗೆ. ಮೂರು ಕಾರು ನೋಡಿದ್ದೇನೆ: ಹ್ಯುಂಡೈ ಕ್ರೆಟಾ ಟರ್ಬೊ ಡಿಸಿಟಿ, ಟೊಯೊಟಾ ಹೈರೈಡರ್ ಸ್ಟ್ರಾಂಗ್ ಹೈಬ್ರಿಡ್ (ಪೆಟ್ರೋಲ್ ಎಂಜಿನ್ ಜೊತೆ ಕರೆಂಟಿನ ಮೋಟಾರ್), ಹೋಂಡಾ ಎಲಿವೇಟ್ ಸಿವಿಟಿ. ಡಿಸಿಟಿ, ಸಿವಿಟಿ ಎರಡು ಬಗೆಯ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಅಂತೆ. ಶೋರೂಮಿನಲ್ಲಿ ಕೂತಾಗ ಕ್ರೆಟಾ ಬಹಳ ಆರಾಮ ಅನ್ನಿಸಿತು. ಭಾವಮೈದ 'ಟೊಯೊಟಾ ಎಂಜಿನ್ ಸಾಯೋದೇ ಇಲ್ಲ' ಅಂತಾನೆ. ಸಹೋದ್ಯೋಗಿಯೊಬ್ಬರು 'ಬಾಳಿಕೆ ಬೇಕಾದರೆ ಡೀಸೆಲ್ಲೇ ತಗೊಳ್ಳಿ' ಅನ್ನುತ್ತಾರೆ. ಮಗನಿಗೆ ಸನ್‌ರೂಫ್ ಬೇಕು. ಆರಾಮ ನೋಡಲಾ, ಬಾಳಿಕೆ ನೋಡಲಾ? ಎರಡರಲ್ಲಿ ಒಂದನ್ನು ಬಿಡಲೇಬೇಕಾ?

ಉತ್ತರ: ಬಿಡಬೇಕಾಗಿಲ್ಲ. ಆದರೆ 'ಆರಾಮ' ಅಂತ ನೀವು ಒಂದೇ ಹೆಸರಿನಲ್ಲಿ ಕರೆಯುತ್ತಿರುವುದು ಎರಡು ಬೇರೆ ವಿಷಯ. ಮೊದಲು ಅದನ್ನು ಬಿಡಿಸಿಕೊಳ್ಳೋಣ, ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಒಂದು, ಕಾರಿನ ಆಕಾರದಿಂದ ಬರುವ ಆರಾಮ. ಸೀಟು ನೆಲದಿಂದ ಎಷ್ಟು ಎತ್ತರದಲ್ಲಿದೆ, ಬಾಗಿಲು ಎಷ್ಟು ಅಗಲ ತೆರೆಯುತ್ತದೆ, ತೊಡೆಯ ಕೆಳಗೆ ಸೀಟು ಎಲ್ಲಿಯವರೆಗೆ ಬರುತ್ತದೆ, ಟೈರಿನ ರಬ್ಬರ್ ಗೋಡೆ ಎಷ್ಟು ದಪ್ಪ, ಕುಲುಕಾಟ ತಡೆಯುವ ಸಸ್ಪೆನ್ಷನ್ ಹೇಗೆ ಹೊಂದಿಸಿದ್ದಾರೆ. ಸಸ್ಪೆನ್ಷನ್ ರಬ್ಬರು, ಟೈರು ಸವೆದಾಗ ಬದಲಾಯಿಸಿದರೆ ಸಾಕು. ಉಳಿದದ್ದರಲ್ಲಿ ಕೆಡುವಂಥದ್ದೇ ಇಲ್ಲ. ಹನ್ನೆರಡನೇ ವರ್ಷದಲ್ಲೂ ಸೀಟಿನ ಎತ್ತರ ಅಷ್ಟೇ ಇರುತ್ತದೆ, ಅಲ್ವಾ?

ಇನ್ನೊಂದು, ಮೋಟಾರು, ವೈರು, ಕಂಪ್ಯೂಟರಿನಿಂದ ಬರುವ ಆರಾಮ. ದೊಡ್ಡ ಸನ್‌ರೂಫ್, ಗಾಳಿ ಬೀಸುವ ಸೀಟು, ಬಟನ್ ಒತ್ತಿದರೆ ಸರಿಯುವ ಸೀಟು, ದೊಡ್ಡ ಸ್ಕ್ರೀನು, ಚಕಚಕ ಗೇರ್ ಬದಲಾಯಿಸುವ ಡಿಸಿಟಿ. ಇವೆಲ್ಲ ಚೆನ್ನಾಗಿಯೇ ಇರುತ್ತವೆ, ಆದರೆ ಪ್ರತಿಯೊಂದಕ್ಕೂ ಒಂದು ಆಯಸ್ಸಿದೆ. ಕೆಟ್ಟಾಗ ಕೈಗೆ ಬಿಲ್ ಬರುತ್ತದೆ.

ಬಾಳಿಕೆಯ ಜೊತೆ ಜಗಳ ಇರುವುದು ಈ ಎರಡನೆಯದಕ್ಕೆ ಮಾತ್ರ. ನಿಮ್ಮ ಅಮ್ಮನಿಗೆ ಬೇಕಿರುವುದು ಹೆಚ್ಚೂಕಡಿಮೆ ಮೊದಲನೆಯದು. ಸೀಟಿನೊಳಗಿಂದ ತಂಪು ಗಾಳಿ ಬರುವ ಸೌಲಭ್ಯವನ್ನೇ ತೆಗೆದುಕೊಳ್ಳಿ. ಈ ಬೆಲೆಯ ಕಾರುಗಳಲ್ಲಿ ಅದು ಸಾಮಾನ್ಯವಾಗಿ ಮುಂದಿನ ಎರಡು ಸೀಟಿಗೆ ಮಾತ್ರ. ಅಮ್ಮ ಹಿಂದೆ ಕೂತರೆ ದುಡ್ಡು ಅವರ ಹೆಸರಲ್ಲಿ ಖರ್ಚಾಗಿ, ತಂಪು ನಿಮಗೆ ಸಿಗುತ್ತದೆ.

ಮಂಡಿ ನೋವಿಗೆ ಮೆತ್ತನೆಯ ಸೀಟು ಔಷಧಿಯಲ್ಲ

ಶೋರೂಮಿನಲ್ಲಿ ಐದು ನಿಮಿಷ ಕೂತಾಗ ಮೆತ್ತಗಿರುವ ಸೀಟೇ ಎಲ್ಲರಿಗೂ ಇಷ್ಟವಾಗುತ್ತದೆ. ಸ್ಪಂಜಿನ ಹಾಸಿಗೆ ಅಂಗಡಿಯಲ್ಲಿ ಹಿತವಾಗಿದ್ದು, ಮನೆಗೆ ತಂದು ನಾಲ್ಕು ರಾತ್ರಿ ಮಲಗಿದ ಮೇಲೆ ಸೊಂಟ ಹಿಡಿದುಕೊಳ್ಳುತ್ತದಲ್ಲ, ಇದೂ ಅದೇ. ಹಾಸನದಿಂದ ಬೆಂಗಳೂರಿಗೆ ಮೂರು ಮೂರೂವರೆ ಗಂಟೆ ಕೂರುವವರಿಗೆ ಸ್ವಲ್ಪ ಗಟ್ಟಿಯಾದ, ತೊಡೆಗೂ ಸೊಂಟಕ್ಕೂ ಆಧಾರ ಕೊಡುವ ಸೀಟು ಬೇಕು.

ಮಂಡಿ ವಿಷಯ ಇನ್ನೂ ಸರಳ. ಮಂಡಿ ನೋವಿದ್ದವರಿಗೆ ಕಷ್ಟ ಕೂತಿರುವಾಗ ಅಲ್ಲ, ಕೂರುವಾಗ ಮತ್ತು ಏಳುವಾಗ. ಸ್ವಿಫ್ಟಿನಂಥ ಕಾರಿನಲ್ಲಿ ಸೀಟು ತಗ್ಗು. ಕೂರಬೇಕಾದರೆ ದೇಹವನ್ನು ಕೆಳಗೆ ಬಿಡಬೇಕು, ಏಳಬೇಕಾದರೆ ಇಡೀ ಭಾರವನ್ನು ಮಂಡಿಯ ಮೇಲೆ ಎತ್ತಬೇಕು. ಫಾರ್ಚುನರ್ ತರದ ದೊಡ್ಡ ಗಾಡಿಯಲ್ಲಿ ಇದರ ಉಲ್ಟಾ, ಮೆಟ್ಟಿಲು ಹತ್ತಬೇಕು. ನಡುವೆ ಒಂದು ಎತ್ತರ ಇದೆ. ನಿಂತವರು ಹಿಂದಕ್ಕೆ ಸರಿದರೆ ಸೀಟು ನೇರ ಪೃಷ್ಠಕ್ಕೆ ತಾಗಬೇಕು, ಬಗ್ಗಲೂಬಾರದು, ಹತ್ತಲೂಬಾರದು. ಅದು ಅವರವರ ಎತ್ತರದ ಮೇಲೆ ಹೋಗುತ್ತದೆ. ನನ್ನ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಅಮ್ಮನನ್ನೇ ಕರೆದುಕೊಂಡು ಹೋಗಬೇಕು.

ಹೋದಾಗ ಹೀಗೆ ಮಾಡಿ. ಅವರು ದಿನಾ ಹಾಕುವ ಚಪ್ಪಲಿ, ಸೀರೆಯಲ್ಲೇ ಬರಲಿ. ಸೇಲ್ಸ್ ಹುಡುಗನಿಗೆ ಬಾಗಿಲು ಹಿಡಿಯಬೇಡ ಅನ್ನಿ. ಅಮ್ಮ ತಾವೇ ತೆರೆದು, ಕೂತು, ಎರಡೂ ಕಾಲು ಒಳಗೆ ತೆಗೆದುಕೊಳ್ಳಲಿ. ಕಾಲು ಒಳಗೆ ತರುವಾಗ ಬಾಗಿಲಿನ ಕೆಳಗಿನ ಪಟ್ಟಿಗೆ ಪಾದ ಎಡವುತ್ತದಾ, ಹಿಂದಿನ ಬಾಗಿಲಿನಲ್ಲಿ ಚಕ್ರದ ಕಮಾನು ಒಳಗೆ ನುಗ್ಗಿ ಸೀರೆಗೆ ಕೊಳೆ ಮೆತ್ತುತ್ತದಾ, ತಲೆ ಚಾವಣಿಗೆ ತಾಗುತ್ತದಾ, ಇಳಿಯುವಾಗ ಕೈ ತಾನಾಗಿ ಯಾವುದನ್ನು ಹಿಡಿಯಲು ಹುಡುಕುತ್ತದೆ, ಇದನ್ನೆಲ್ಲ ಸುಮ್ನೆ ನಿಂತು ನೋಡಿ. ಮೂರು ಸಲ ಹತ್ತಿ ಇಳಿಯಲಿ. ಮೊದಲ ಸಲ ಎಲ್ಲರೂ ಹುಮ್ಮಸ್ಸಿನಲ್ಲಿ ಹತ್ತುತ್ತಾರೆ, ನಿಜ ಗೊತ್ತಾಗುವುದು ಮೂರನೇ ಸಲಕ್ಕೆ. ಹೈರೈಡರಿನ ಚಾವಣಿ ಹಿಂದಕ್ಕೆ ಇಳಿಜಾರಾಗಿದೆ. ಅಲ್ಲಿ ತಲೆಯ ಜಾಗವನ್ನು ವಿಶೇಷವಾಗಿ ನೋಡಿ.

ಇನ್ನೊಂದು ಮಾತು. ಹಿರಿಯರನ್ನು ಹಿಂದೆ ಕೂರಿಸುವುದು ನಮ್ಮಲ್ಲಿ ಗೌರವ ಅಂತ ಆಗಿಬಿಟ್ಟಿದೆ. ಆದರೆ ಮಂಡಿ ನೋವಿದ್ದವರಿಗೆ ಕಾರಿನ ಅತ್ಯುತ್ತಮ ಜಾಗ ಮುಂದಿನ ಎಡ ಸೀಟು. ಬಾಗಿಲು ದೊಡ್ಡದು. ಸೀಟು ಪೂರ್ತಿ ಹಿಂದಕ್ಕೆ ಸರಿಯುತ್ತದೆ, ಬೆನ್ನು ಬೇಕಾದಷ್ಟು ವಾಲುತ್ತದೆ. ಘಾಟಿಯಲ್ಲಿ ರಸ್ತೆ ಕಣ್ಣಿಗೆ ಕಾಣುವುದರಿಂದ ವಾಂತಿಯೂ ಕಡಿಮೆ. ಏರ್‌ಬ್ಯಾಗ್ ಇರುವುದರಿಂದ ಸೀಟನ್ನು ಡ್ಯಾಶ್‌ಬೋರ್ಡಿನಿಂದ ದೂರ ಇಡಬೇಕು, ಬೆಲ್ಟ್ ಹಾಕಲೇಬೇಕು. ಅಮ್ಮ ಮುಂದೆ ಕೂರಲು ಒಪ್ಪಿದರೆ ನಿಮ್ಮ ಹಿಂದಿನ ಸೀಟಿನ ಅರ್ಧ ತಲೆನೋವು ಅಲ್ಲೇ ಮುಗಿಯುತ್ತದೆ. ಆಗ ಗಾಳಿ ಬೀಸುವ ಸೀಟೂ ನಿಜವಾಗಿ ಅವರದೇ ಆಗುತ್ತದೆ.

ಮಣ್ಣು ರಸ್ತೆಯ ಕುಲುಕಾಟ ಎಲ್ಲಿಂದ ಬರುತ್ತದೆ

ನೀವು ಹೇಳಿದ ಮೂರೂ ಕಾರುಗಳಲ್ಲಿ ಸಸ್ಪೆನ್ಷನ್ ವಿನ್ಯಾಸ ಒಂದೇ. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್, ಹಿಂದೆ ಟಾರ್ಷನ್ ಬೀಮ್. ಅಂದರೆ ಮುಂದೆ ಪ್ರತಿ ಚಕ್ರಕ್ಕೂ ಬೇರೆ ಬೇರೆ ಜೋಡಣೆ, ಹಿಂದೆ ಎರಡೂ ಚಕ್ರಕ್ಕೆ ಒಂದೇ ತೊಲೆ. ವ್ಯತ್ಯಾಸ ಇರುವುದು ಸ್ಪ್ರಿಂಗು, ಶಾಕ್ ಅಬ್ಸಾರ್ಬರನ್ನು ಎಷ್ಟು ಬಿಗಿ ಮಾಡಿದ್ದಾರೆ ಅನ್ನುವುದರಲ್ಲಿ, ಮತ್ತು ಟೈರಿನಲ್ಲಿ. ಟೈರಿನ ಮೇಲೆ 215/60 ಅಂತ ಬರೆದಿದ್ದರೆ 215 ಮಿ.ಮೀ. ಅಗಲದ ಟೈರಿಗೆ ಅದರ ಶೇ. 60ರಷ್ಟು, ಅಂದರೆ 129 ಮಿ.ಮೀ. ಎತ್ತರದ ರಬ್ಬರ್ ಗೋಡೆ. 215/55 ಆದರೆ 118. ಹನ್ನೊಂದು ಮಿಲಿಮೀಟರಲ್ಲಿ ಏನಿದೆ ಅನ್ನಬೇಡಿ. ಕಲ್ಲಿನ ಮೊದಲ ಏಟು ತಿನ್ನುವುದು ಆ ಗೋಡೆಯೇ. ಟಾಪ್ ಮಾಡೆಲ್ಲಿನಲ್ಲಿ ದೊಡ್ಡ ಅಲಾಯ್ ಚಕ್ರ, ತೆಳು ಟೈರು ಹಾಕುತ್ತಾರೆ. ನೋಡಲು ಚೆಂದ. ಆದರೆ ನಿಮ್ಮ ಊರಿನ ದಾರಿಗೆ ಒಂದು ಮಾಡೆಲ್ ಕೆಳಗಿನ, ಚಿಕ್ಕ ಚಕ್ರ, ದಪ್ಪ ಟೈರಿನ ಕಾರು ಹೆಚ್ಚು ಮೆತ್ತಗೆ ಓಡುತ್ತದೆ. ಅಲಾಯ್ ಸೀಳುವ, ಟೈರ್ ಉಬ್ಬುವ ಖರ್ಚೂ ಕಡಿಮೆ. ಕಡಿಮೆ ದುಡ್ಡಿಗೆ ಜಾಸ್ತಿ ಆರಾಮ, ಜಾಸ್ತಿ ಬಾಳಿಕೆ ಎರಡೂ ಸಿಗುವ ಅಪರೂಪದ ಜಾಗ ಇದು. ಶೋರೂಮಿನಲ್ಲಿ ಯಾರೂ ಹೇಳುವುದಿಲ್ಲ.

ಹಾಗಂತ ಬಹಳ ಮೆತ್ತನೆಯ ಸಸ್ಪೆನ್ಷನ್ ಬೇಡ. ಐದು ಜನ, ಲಗೇಜು ತುಂಬಿದಾಗ ಕಾರು ಘಾಟಿಯ ತಿರುವಿನಲ್ಲಿ ವಾಲುತ್ತದೆ, ಹಿಂದೆ ಕೂತವರಿಗೆ ಹೊಟ್ಟೆ ತೊಳಸುತ್ತದೆ.

ಇನ್ನು ಸವೆತ. ಸಸ್ಪೆನ್ಷನ್ನಿನಲ್ಲಿ ಮೊದಲು ಹೋಗುವುದು ಕೀಲುಗಳಲ್ಲಿರುವ ರಬ್ಬರು: ಲೋವರ್ ಆರ್ಮ್ ಬುಷ್, ಲಿಂಕ್ ರಾಡ್, ಸ್ಟ್ರಟ್ ಮೌಂಟ್. ಮಲೆನಾಡಿನ ಕಾರನ್ನು ಲಿಫ್ಟಿಗೆ ಏರಿಸಿದರೆ ನನ್ನ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಬುಷ್ ಸುತ್ತ ಕೂದಲೆಳೆಯಂಥ ಬಿರುಕು, ಅದರೊಳಗೆ ಕೆಂಪು ಮಣ್ಣು. ಶಾಕ್ ಅಬ್ಸಾರ್ಬರಿನ ಹೊಟ್ಟೆಯ ಮೇಲೆ ಎಣ್ಣೆ ಒಸರಿ, ಅದಕ್ಕೆ ಧೂಳು ಮೆತ್ತಿ ಕಪ್ಪು ಪಟ್ಟಿಯಾಗಿರುತ್ತದೆ. ಇದು ಯಾವ ಕಂಪನಿಯ ಕಾರಿಗೂ ತಪ್ಪಿದ್ದಲ್ಲ. ಇದನ್ನು ಕೆಡುವುದು ಅಂತ ಲೆಕ್ಕ ಹಾಕಬೇಡಿ, ಟೈರ್ ಸವೆದ ಹಾಗೆ ಇದೂ ಸವೆಯುತ್ತದೆ. ಸಮಯಕ್ಕೆ ಬದಲಾಯಿಸಿದರೆ ಎಂಟು ವರ್ಷದ ಕಾರು ಮತ್ತೆ ಎರಡು ವರ್ಷದ ಕಾರಿನ ಹಾಗೆ ಓಡುತ್ತದೆ. 'ಗಾಡಿ ಹಳೇದಾಯ್ತು, ಕುಲುಕುತ್ತೆ' ಅಂತ ಮಾರಿಬಿಡುವವರಲ್ಲಿ ಎಷ್ಟೋ ಜನರಿಗೆ ಬೇಕಿದ್ದದ್ದು ಒಂದು ಸೆಟ್ ಬುಷ್ ಅಷ್ಟೇ.

ಜನ ಹೇಳುವ ಮಾತುಗಳಲ್ಲಿ ಎಷ್ಟು ನಿಜ

'ಟೊಯೊಟಾ ಎಂಜಿನ್ ಸಾಯೋದೇ ಇಲ್ಲ.' ಈ ಮಾತು ಹುಟ್ಟಿದ್ದು ಟೊಯೊಟಾ ಕಾರ್ಖಾನೆ ಇರುವ ನಮ್ಮ ಬಿಡದಿಯಿಂದಲೇ ಅನ್ನಬಹುದು. 2000ದಲ್ಲಿ ಕ್ವಾಲಿಸ್, 2005ರಲ್ಲಿ ಇನ್ನೋವಾ ಬಂತು. ಟ್ಯಾಕ್ಸಿಯವರು ಲಕ್ಷಗಟ್ಟಲೆ ಕಿ.ಮೀ. ಓಡಿಸಿ ತೋರಿಸಿದರು. ಆದರೆ ಅದು ಲೋಗೋದ ಮಹಿಮೆ ಅಲ್ಲ. ಹಳೆ ಇನ್ನೋವಾದ 2.5 ಲೀಟರ್ ಡೀಸೆಲ್ ಎಂಜಿನ್ ಕೊಡುತ್ತಿದ್ದದ್ದು ಬರೀ 102 ಪಿಎಸ್ (ಅಶ್ವಶಕ್ತಿಯ ಅಳತೆ). ಲೀಟರಿಗೆ ಸುಮಾರು 41. ದೊಡ್ಡ ಎಂಜಿನ್ನಿನಿಂದ ಸ್ವಲ್ಪವೇ ಕೆಲಸ ತೆಗೆಯುತ್ತಿದ್ದರು, ಅದಕ್ಕೇ ಬಾಳಿತು. ಈಗಿನ ಕ್ರೆಟಾದ 1.5 ಟರ್ಬೊ ಪೆಟ್ರೋಲ್, ಅಂದರೆ ಗಾಳಿಯನ್ನು ಒತ್ತಿ ತುಂಬಿ ಹೆಚ್ಚು ಶಕ್ತಿ ತೆಗೆಯುವ ಎಂಜಿನ್, 160 ಪಿಎಸ್ ಕೊಡುತ್ತದೆ, ಲೀಟರಿಗೆ 107ರ ಹತ್ತಿರ. ಇದು ಕೆಟ್ಟ ಎಂಜಿನ್ ಅಂತ ಅರ್ಥವಲ್ಲ, ಲೋಹಗಳೂ ಆಯಿಲ್‌ಗಳೂ ತುಂಬ ಸುಧಾರಿಸಿವೆ. ಆದರೆ ಅಸಡ್ಡೆಯನ್ನು ಕ್ಷಮಿಸುವ ಗುಣ ಕಡಿಮೆ. ಆಯಿಲ್ ಚೇಂಜ್ ಮೂರು ತಿಂಗಳು ತಡವಾದರೆ ಹಳೆ ಎಂಜಿನ್ ಸಹಿಸಿಕೊಳ್ಳುತ್ತಿತ್ತು. ಟರ್ಬೊ ಸಹಿಸಿಕೊಳ್ಳುವುದಿಲ್ಲ.

ಲೋಗೋ ನೋಡಿ ನಂಬುವುದಕ್ಕೆ ಇನ್ನೊಂದು ತೊಡಕಿದೆ. ಟೊಯೊಟಾ ಗ್ಲಾಂಜಾ ಮೂಲದಲ್ಲಿ ಮಾರುತಿ ಬಲೆನೊ. ಹೈರೈಡರಿನಲ್ಲೇ ಎರಡು ಎಂಜಿನ್ ಇವೆ. ಮೋಟಾರಿನ ನೆರವು ಸ್ವಲ್ಪವೇ ಇರುವ ಮೈಲ್ಡ್ ಹೈಬ್ರಿಡ್‌ನಲ್ಲಿ ಇರುವುದು ಸುಜುಕಿಯದು, ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ಟೊಯೊಟಾದ ಮೂರು ಸಿಲಿಂಡರಿನದು. ಎರಡೂ ಒಳ್ಳೆಯವೇ. ಆದರೆ ನಿಮ್ಮ ಭಾವಮೈದ ಹೇಳುತ್ತಿರುವ ಇನ್ನೋವಾ ಎಂಜಿನ್ ಎರಡೂ ಅಲ್ಲ. ಕಂಪನಿ ನೋಡುವುದಕ್ಕಿಂತ ಎಂಜಿನ್ ಮತ್ತು ಗೇರ್‌ಬಾಕ್ಸ್ ಜೋಡಿ ನೋಡಿ.

'ಡೀಸೆಲ್ಲೇ ಬಾಳಿಕೆ.' ನಿಮ್ಮ ಸ್ವಿಫ್ಟಿನ ಕಾಲಕ್ಕೆ ಅದು ನಿಜ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಅನ್ನುವ ಹೊಗೆ ನಿಯಮ ಬಂದ ಮೇಲೆ ಡೀಸೆಲ್ ಕಾರಿನ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಸೇರಿತು. ಅದು ತುಂಬಿದಾಗ ತಾನೇ ಸುಟ್ಟುಕೊಂಡು ಸ್ವಚ್ಛವಾಗಬೇಕು, ಅದಕ್ಕೆ ಹೈವೇಯಲ್ಲಿ ಒಂದಿಷ್ಟು ಹೊತ್ತು ಒಂದೇ ವೇಗದಲ್ಲಿ ಓಡಬೇಕು. ಮನೆ, ಸ್ಕೂಲು, ಬ್ಯಾಂಕು ಅಂತ ಮೂರು ಮೂರು ಕಿ.ಮೀ. ಓಡಿಸಿದರೆ ಫಿಲ್ಟರ್ ಬಿಸಿಯೇ ಆಗುವುದಿಲ್ಲ, ಕಟ್ಟಿಕೊಳ್ಳುತ್ತದೆ. ನಿಮಗೆ ಬೆಂಗಳೂರು ಓಡಾಟ ಇರುವುದರಿಂದ ಅಷ್ಟು ಅಪಾಯವಿಲ್ಲ. ಆದರೂ ವರ್ಷಕ್ಕೆ 12,000 ಕಿ.ಮೀ.ಗೆ ಡೀಸೆಲ್ಲಿಗೆ ಕೊಡುವ ಹೆಚ್ಚಿನ ಬೆಲೆ ಬೇಗ ವಾಪಸ್ ಬರುವುದಿಲ್ಲ.

'ಬಾಗಿಲು ಧಡ್ ಅಂತ ಹಾಕಿಕೊಂಡರೆ ಗಟ್ಟಿ ಕಾರು.' ಆ ಸದ್ದನ್ನು ಬೀಡಿಂಗ್ ರಬ್ಬರು, ಬಾಗಿಲೊಳಗಿನ ಪ್ಯಾಡು ಸೇರಿ ಮಾಡುತ್ತವೆ. ಬಾಳಿಕೆಗೂ ಅದಕ್ಕೂ ಸಂಬಂಧವಿಲ್ಲ. 2023ರಲ್ಲಿ ಶುರುವಾದ ಭಾರತ್ ಎನ್‌ಕ್ಯಾಪ್ ಕೊಡುವ ಸ್ಟಾರುಗಳೂ ಡಿಕ್ಕಿಯಾದಾಗಿನ ರಕ್ಷಣೆಯ ಅಳತೆ. ಅದನ್ನು ಖಂಡಿತ ನೋಡಿ, ಆದರೆ ಬಾಳಿಕೆಯ ಗುರುತು ಅಂತ ತಿಳಿಯಬೇಡಿ. ಜಾಹೀರಾತಿನ ಕ್ವಾಲಿಟಿ ಪ್ರಶಸ್ತಿಗಳ ವಿಷಯದಲ್ಲೂ ಎಚ್ಚರ. ಅಮೆರಿಕದ ಸಮೀಕ್ಷೆ ಕಂಪನಿ ಜೆ.ಡಿ. ಪವರ್‌ನವರ ಇನಿಷಿಯಲ್ ಕ್ವಾಲಿಟಿ ಸಮೀಕ್ಷೆ ಕೇಳುವುದು ಮೊದಲ 90 ದಿನದ ತೊಂದರೆಗಳನ್ನು. ನೀವು ಕೇಳುತ್ತಿರುವುದು 12 ವರ್ಷದ ಬಗ್ಗೆ.

ಗೇರ್‌ಬಾಕ್ಸೇ ಮುಖ್ಯ

ನಿಮ್ಮ ಮೂರು ಕಾರುಗಳ ನಡುವಿನ ನಿಜವಾದ ವ್ಯತ್ಯಾಸ ಇಲ್ಲಿದೆ. ಇದಕ್ಕೆ ಸ್ವಲ್ಪ ಸಮಯ ಕೊಡಿ.

ಡಿಸಿಟಿ ಅಂದರೆ ಎರಡು ಕ್ಲಚ್ ಇರುವ ಗೇರ್‌ಬಾಕ್ಸ್. ನಮ್ಮ ಕಾಲಿನ ಬದಲು ಕಂಪ್ಯೂಟರ್ ಕ್ಲಚ್ ಒತ್ತುತ್ತದೆ. ಈ ವರ್ಗದ ಕಾರುಗಳಲ್ಲಿ ಬರುವ ಹೆಚ್ಚಿನವು ಡ್ರೈ ಕ್ಲಚ್, ಅಂದರೆ ಪ್ಲೇಟುಗಳನ್ನು ತಣ್ಣಗೆ ಮಾಡಲು ಆಯಿಲ್ ಇಲ್ಲ, ಗಾಳಿಯೇ ಗತಿ. ಹೈವೇಯಲ್ಲಿ ಇದರಷ್ಟು ಸೊಗಸಾದದ್ದು ಇನ್ನೊಂದಿಲ್ಲ. ತೊಂದರೆ ಶುರುವಾಗುವುದು ಏರಿನಲ್ಲಿ ತೆವಳುವಾಗ. ಶಿರಾಡಿ ಘಾಟಿ ಹತ್ತುವಾಗ ಮುಂದೆ ಟ್ಯಾಂಕರ್ ಲಾರಿ ಸಾಲುಗಟ್ಟಿ, ನೀವು ಗಂಟೆಗೆ ಐದಾರು ಕಿ.ಮೀ. ವೇಗದಲ್ಲಿ ಇಂಚು ಇಂಚು ಮುಂದೆ ಹೋಗುತ್ತಿದ್ದೀರಿ ಅಂದುಕೊಳ್ಳಿ. ಆಗ ಕ್ಲಚ್ ಪೂರ್ತಿ ಹಿಡಿಯುವುದೂ ಇಲ್ಲ, ಪೂರ್ತಿ ಬಿಡುವುದೂ ಇಲ್ಲ. ಜಾರುತ್ತಾ, ಉಜ್ಜುತ್ತಾ, ಬಿಸಿಯಾಗುತ್ತದೆ. ಮ್ಯಾನುಯಲ್ ಕಾರಿನಲ್ಲಾದರೆ ಸುಟ್ಟ ವಾಸನೆ ಬರುತ್ತದೆ, ನಾವು ಕಾಲು ತೆಗೆಯುತ್ತೇವೆ. ಇಲ್ಲಿ ಸ್ಕ್ರೀನಿನಲ್ಲಿ ಎಚ್ಚರಿಕೆ ಬರುವ ತನಕ ಎಷ್ಟೋ ಜನರಿಗೆ ಗೊತ್ತೇ ಆಗುವುದಿಲ್ಲ. 2013ರಲ್ಲಿ ಚೀನಾದಲ್ಲಿ ಫೋಕ್ಸ್‌ವ್ಯಾಗನ್ ಡಿಎಸ್‌ಜಿ (ಅವರ ಡಿಸಿಟಿಯ ಹೆಸರು) ಗೇರ್‌ಬಾಕ್ಸಿನ ತೊಂದರೆಗಾಗಿ 3.8 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ವಾಪಸ್ ಕರೆಸಿತ್ತು. ಅಮೆರಿಕದಲ್ಲಿ ಫೋರ್ಡ್‌ನ ಡಿಸಿಟಿಯಾದ ಪವರ್‌ಶಿಫ್ಟ್ ಗೇರ್‌ಬಾಕ್ಸ್ ಕೋರ್ಟು ಮೆಟ್ಟಿಲು ಹತ್ತಿತು. ಆಮೇಲೆ ಎಲ್ಲ ಕಂಪನಿಗಳೂ ಬಹಳ ತಿದ್ದಿಕೊಂಡಿವೆ, ಈಗಿನವು ಆಗಿನಷ್ಟು ಸೂಕ್ಷ್ಮವಲ್ಲ. ಆದರೂ ವಾರಂಟಿ ಮುಗಿದ ಮೇಲೆ ಡಿಸಿಟಿಯ ಕ್ಲಚ್ ಸೆಟ್, ಅದನ್ನು ನಿಯಂತ್ರಿಸುವ ಘಟಕ ಎರಡೂ ಹೋಗಿ ಲಕ್ಷ ದಾಟಿದ ಬಿಲ್ಲುಗಳನ್ನು ನೋಡಿದ್ದೇನೆ. ತೊಂದರೆ ಬಂದೇ ಬರುತ್ತದೆ ಅಂತಲ್ಲ. ಬಂದರೆ ಅದರ ಏಟು ದೊಡ್ಡದು.

ಡಿಸಿಟಿಯನ್ನೇ ತೆಗೆದುಕೊಂಡರೆ ಒಂದು ಅಭ್ಯಾಸ ಮಾಡಿಕೊಳ್ಳಿ. ಏರಿನಲ್ಲಿ ಕಾರು ಹಿಂದೆ ಜಾರದಂತೆ ಆಕ್ಸಿಲರೇಟರ್‌ನಲ್ಲಿ ಹಿಡಿದು ನಿಲ್ಲಿಸಬೇಡಿ, ಬ್ರೇಕ್ ಒತ್ತಿ. ಮುಂದೆ ಎರಡು ಕಾರಿನಷ್ಟು ಜಾಗ ಆಗುವ ತನಕ ನಿಂತು, ಆಮೇಲೆ ಒಂದೇ ಸಲ ಮುಂದೆ ಹೋಗಿ. ಹಿಂದಿನವನು ಹಾರ್ನ್ ಹೊಡೆದರೆ ಹೊಡೆಯಲಿ.

ಸಿವಿಟಿಯಲ್ಲಿ ಎರಡು ಪುಲ್ಲಿ, ನಡುವೆ ಸ್ಟೀಲ್ ಬೆಲ್ಟ್. ಗೇರ್ ಬದಲಾಗುವ ಜರ್ಕೇ ಇಲ್ಲ. ಸೊಂಟ ನೋವಿನವರಿಗೆ ಇದು ನಿಜವಾದ ಆರಾಮ. ಜೋರಾಗಿ ಒತ್ತಿದರೆ ಎಂಜಿನ್ ಕೂಗುತ್ತದೆ, ಕಾರು ಆಮೇಲೆ ಓಡುತ್ತದೆ. ಆತುರದ ಡ್ರೈವರಿಗೆ ಬೇಜಾರು. ಎಲಿವೇಟಿನಲ್ಲಿ ಇದರ ಜೊತೆ ಇರುವುದು ಟರ್ಬೊ ಇಲ್ಲದ ನಾಲ್ಕು ಸಿಲಿಂಡರಿನ 1.5 ಎಂಜಿನ್, 121 ಪಿಎಸ್. ಸರಳ ಜೋಡಿ. ನೆಲದಿಂದ 220 ಮಿ.ಮೀ. ಎತ್ತರ ಇರುವುದು ನಿಮ್ಮ ಮಣ್ಣು ರಸ್ತೆಗೆ ಅನುಕೂಲ. ಒಂದೇ ಷರತ್ತು ಸಿವಿಟಿ ಆಯಿಲ್. 'ಲೈಫ್‌ಟೈಮ್ ಆಯಿಲ್ ಸಾರ್, ಬದಲಾಯಿಸೋದು ಬೇಡ' ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಯಾರ ಲೈಫ್ ಅಂತ ಕೇಳಿ. ಕಾರಿನ ಜೊತೆ ಬರುವ ಪುಸ್ತಕ ನೋಡಿ. ಅದರಲ್ಲಿ ಸ್ಪಷ್ಟವಾಗಿಲ್ಲದಿದ್ದರೂ ಘಾಟಿಯಲ್ಲಿ ಓಡುವ ಕಾರಿಗೆ 40,000 ಕಿ.ಮೀ. ಆಸುಪಾಸಿನಲ್ಲಿ ನಾನಂತೂ ಬದಲಾಯಿಸುತ್ತೇನೆ.

ಸ್ಟ್ರಾಂಗ್ ಹೈಬ್ರಿಡ್ ಅಂದರೆ ಜನ ಹೆದರುತ್ತಾರೆ. 'ಎಂಜಿನ್ನೂ ಇದೆ, ಮೋಟರ್ರೂ ಇದೆ, ಕೆಡೋದಕ್ಕೆ ಎರಡು' ಅನ್ನುತ್ತಾರೆ. ಲೆಕ್ಕ ಹಾಗೆ ಕೆಲಸ ಮಾಡುವುದಿಲ್ಲ. ಇದರ ಗೇರ್‌ಬಾಕ್ಸಿಗೆ ಇ-ಸಿವಿಟಿ ಅಂತ ಹೆಸರು. ಹೆಸರು ಬಿಟ್ಟರೆ ಸಿವಿಟಿಗೂ ಇದಕ್ಕೂ ಸಂಬಂಧ ಕಡಿಮೆ. ಇಲ್ಲಿ ಬೆಲ್ಟ್ ಇಲ್ಲ, ಸವೆಯುವ ಕ್ಲಚ್ ಪ್ಲೇಟ್ ಇಲ್ಲ. ಎರಡು ಮೋಟಾರು ಮತ್ತು ಎಂಜಿನ್ನನ್ನು ಯಾವಾಗಲೂ ಕಚ್ಚಿಕೊಂಡೇ ಇರುವ ಹಲ್ಲು ಚಕ್ರಗಳ ಗುಂಪು ಸೇರಿಸಿ ಇಟ್ಟಿರುತ್ತದೆ. ನಿಧಾನಕ್ಕೆ ತೆವಳುವ ಕೆಲಸವನ್ನು ಮೋಟಾರ್ ನೋಡಿಕೊಳ್ಳುತ್ತದೆ. ಡಿಸಿಟಿಗೆ ಕಷ್ಟವಾಗುವ ಘಾಟಿಯ ಜಾಮ್ ಇದಕ್ಕೆ ಸುಲಭದ ಕೆಲಸ. ಬ್ರೇಕಿನ ಬಹುಪಾಲು ಕೆಲಸವನ್ನೂ ಮೋಟಾರ್ ಮಾಡುವುದರಿಂದ ಪ್ಯಾಡುಗಳೂ ಜಾಸ್ತಿ ದಿನ ಬರುತ್ತವೆ. 1997ರಲ್ಲಿ ಪ್ರಿಯಸ್ ಬಂದಾಗಿನಿಂದ ಟೊಯೊಟಾ ಇದೇ ತತ್ವದ ಮೇಲೆ ಕೆಲಸ ಮಾಡುತ್ತಿದೆ. ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಕೊಡುತ್ತಾರೆ. ನಿಮ್ಮ ಓಡಾಟದಲ್ಲಿ 12 ವರ್ಷಕ್ಕೆ 1,44,000 ಕಿ.ಮೀ. ಆಗುತ್ತದೆ. ಕಿಲೋಮೀಟರು ಮುಗಿಯುವ ಮೊದಲು ವರ್ಷ ಮುಗಿಯುತ್ತದೆ. ಕೊನೆಯ ನಾಲ್ಕು ವರ್ಷ ಬ್ಯಾಟರಿಯ ಹೊಣೆ ನಿಮ್ಮದು, ಅದಕ್ಕೆ ಒಂದಿಷ್ಟು ದುಡ್ಡು ಮನಸ್ಸಿನಲ್ಲೇ ತೆಗೆದಿಡಿ.

ಆ ದುಡ್ಡು ಪೆಟ್ರೋಲಿನಲ್ಲೇ ಉಳಿಯುತ್ತದೆ. ಕಂಪನಿ ಹೇಳುವ 27.97 ಮೈಲೇಜು ಪ್ರಯೋಗಾಲಯದ್ದು, ಅದನ್ನು ಬಿಡಿ. ನಿಮ್ಮಂಥ ಓಡಾಟದಲ್ಲಿ ಹೈಬ್ರಿಡ್ 20ರ ಮೇಲೆ, ಸಿವಿಟಿ ಪೆಟ್ರೋಲ್ 13-14 ಕೊಡುತ್ತದೆ ಅಂತ ಹಿಡಿಯಿರಿ. ವರ್ಷಕ್ಕೆ ಸುಮಾರು 300 ಲೀಟರ್ ವ್ಯತ್ಯಾಸ.

ಹೈಬ್ರಿಡ್ಡಿನ ನಿಜವಾದ ಕೊರತೆ ಬೇರೆ ಕಡೆ ಇದೆ. ಬ್ಯಾಟರಿ ಡಿಕ್ಕಿಯ ಜಾಗ ತಿನ್ನುತ್ತದೆ. ಊರಿಂದ ಕಾಫಿ, ಮೆಣಸು, ಬಾಳೆಗೊನೆ, ಜೊತೆಗೆ ಅಮ್ಮನ ವಾಕರ್ ಅಂತ ತುಂಬುವವರಿಗೆ ಇದು ಸಣ್ಣ ವಿಷಯ ಅಲ್ಲ. ಎಲಿವೇಟಿನ ಡಿಕ್ಕಿ 458 ಲೀಟರ್, ಹೈಬ್ರಿಡ್ಡಿನದು ಅದರ ಹತ್ತಿರವೂ ಬರುವುದಿಲ್ಲ. ಐದು ಜನ ಕೂತು ಘಾಟಿ ಹತ್ತುವಾಗ ಮೂರು ಸಿಲಿಂಡರಿನ ಗುರುಗುಟ್ಟುವಿಕೆಯೂ ಕೇಳಿಸುತ್ತದೆ.

ಕ್ರೆಟಾ ಬಗ್ಗೆ ಒಂದು ಮಾತು ಉಳಿದಿದೆ. ನಿಮಗೆ ಇಷ್ಟವಾದದ್ದು ಅದರ ಸೀಟು ಮತ್ತು ಒಳಗಿನ ಜಾಗ. ಅದೇ ದೇಹಕ್ಕೆ ಟರ್ಬೊ ಇಲ್ಲದ 115 ಪಿಎಸ್‌ನ 1.5 ಪೆಟ್ರೋಲ್ ಎಂಜಿನ್ ಕೂಡ ಸಿಗುತ್ತದೆ, ಜೊತೆಗೆ ಐವಿಟಿ. ಇದು ಹ್ಯುಂಡೈಯವರ ಸಿವಿಟಿ. ಸೀಟು ಅದೇ, ಗೇರ್‌ಬಾಕ್ಸಿನ ಚಿಂತೆ ಅರ್ಧ. ಶೋರೂಮಿನವರು ಟಾಪ್ ಮಾಡೆಲ್ ತೋರಿಸಿ ಟರ್ಬೊ ಓಡಿಸಲು ಕೊಟ್ಟಿರುತ್ತಾರೆ. ಇದನ್ನೂ ಕೇಳಿ ಓಡಿಸಿ ನೋಡಿ.

ಸನ್‌ರೂಫ್ ಬಗ್ಗೆ

ಸನ್‌ರೂಫಿನ ಸುತ್ತ ನೀರು ಇಳಿಯಲು ಸಣ್ಣ ಕಾಲುವೆ, ನಾಲ್ಕು ಮೂಲೆಯಿಂದ ಕೆಳಗಿಳಿಯುವ ಪೈಪುಗಳು ಇರುತ್ತವೆ. ಮರದಡಿ ನಿಲ್ಲಿಸಿದ ಕಾರಿನಲ್ಲಿ ಎಲೆ, ಹೂವಿನ ಪುಡಿ ಅದರೊಳಗೆ ಕೂರುತ್ತದೆ. ಜುಲೈ ಮಳೆಯಲ್ಲಿ ನೀರು ಚಾವಣಿಯ ಬಟ್ಟೆಯಿಂದ ತೊಟ್ಟಿಕ್ಕಲು ಶುರುವಾಗುತ್ತದೆ, ಕಾರ್ಪೆಟ್ಟಿನ ಕೆಳಗಿರುವ ವೈರುಗಳವರೆಗೂ ಹೋಗುತ್ತದೆ. ಆಮೇಲೆ ಬರುವ ಕರೆಂಟಿನ ತೊಂದರೆಗಳನ್ನು ಹುಡುಕುವುದು ಮೆಕ್ಯಾನಿಕ್‌ಗೂ ಶಿಕ್ಷೆ. ನನ್ನ ಮನೆಗಾದರೆ ಬೇಡ ಅನ್ನುತ್ತೇನೆ. ಮಗ ಬಿಡುವುದಿಲ್ಲ ಅಂದರೆ ಚಿಕ್ಕ ಸನ್‌ರೂಫ್ ಇರುವುದನ್ನು ತಗೊಳ್ಳಿ, ಪ್ರತಿ ಮೇ ತಿಂಗಳಲ್ಲಿ ಆ ಪೈಪುಗಳನ್ನು ಗಾಳಿ ಊದಿಸಿ ಸ್ವಚ್ಛ ಮಾಡಿಸಿ.

ನಿಮ್ಮ ಜಾಗದಲ್ಲಿ ನಾನಿದ್ದರೆ

ಅಮ್ಮನ ತಲೆ, ಮಂಡಿ ಎರಡಕ್ಕೂ ಜಾಗ ಸಿಕ್ಕಿ, ಡಿಕ್ಕಿ ಸಾಕು ಅನ್ನಿಸಿದರೆ ಹೈಬ್ರಿಡ್ ತೆಗೆದುಕೊಳ್ಳುತ್ತೇನೆ. ಘಾಟಿ, ಊರೊಳಗಿನ ಸಣ್ಣ ಓಡಾಟ, 12 ವರ್ಷ, ಇವು ಮೂರಕ್ಕೂ ಅದು ಹೊಂದುತ್ತದೆ. ಜಾಗ ಸಾಲದಿದ್ದರೆ ಎಲಿವೇಟ್ ಸಿವಿಟಿ ಅಥವಾ ಕ್ರೆಟಾ ಐವಿಟಿ. ಎರಡರಲ್ಲಿ ಅಮ್ಮ ಯಾವುದಕ್ಕೆ ಸಲೀಸಾಗಿ ಹತ್ತಿದರೋ ಅದು, ಮಧ್ಯದ ಮಾಡೆಲ್. ಟರ್ಬೊ ಡಿಸಿಟಿಯನ್ನು ಆರೇಳು ವರ್ಷಕ್ಕೆ ಕಾರು ಬದಲಾಯಿಸುವವರಿಗೆ, ಓಡಿಸುವುದರಲ್ಲೇ ಖುಷಿ ಇರುವವರಿಗೆ ಹೇಳುತ್ತೇನೆ. ನಿಮಗೆ ಹೇಳುವುದಿಲ್ಲ.

ಅಂತಿಮ ಮಾಡುವ ಮೊದಲು ಒಂದು ಶನಿವಾರ, ಭಾನುವಾರ ಅದೇ ಕಾರನ್ನು ಬಾಡಿಗೆಗೆ ಪಡೆದು ಊರಿಗೆ ಹೋಗಿ ಬನ್ನಿ. ಕೆಲವು ಸಾವಿರ ಖರ್ಚಾಗುತ್ತದೆ. ಆದರೆ ಶೋರೂಮ್ ಸುತ್ತ ಹತ್ತು ನಿಮಿಷ ಓಡಿಸಿ 24 ಲಕ್ಷ ಕೊಡುವುದಕ್ಕಿಂತ ಅದು ಮೇಲು. ಹಾಸನದ ಸರ್ವಿಸ್ ಸೆಂಟರಿನ ಹೊರಗೆ ನಿಂತು ಅದೇ ಮಾಡೆಲ್ಲಿನ ಹಳೆಯ ಕಾರು ತಂದವರನ್ನು ಮಾತಾಡಿಸಿ. ಐದು ವರ್ಷದ ಒಳಗಿನ ಕಾರಿನ ಮಾಲೀಕರು ಹೊಗಳುತ್ತಾರೆ, ಅದನ್ನು ಅರ್ಧಕ್ಕೆ ಇಳಿಸಿ ಕೇಳಿ. ಬಿಡಿಭಾಗದ ಅಂಗಡಿಯಲ್ಲಿ ಹೆಡ್‌ಲೈಟ್, ಮುಂದಿನ ಶಾಕ್ ಅಬ್ಸಾರ್ಬರ್, ಲೋವರ್ ಆರ್ಮ್ ಈ ಮೂರರ ಬೆಲೆ ಕೇಳಿ. ಸ್ಟಾಕ್ ಇದೆಯಾ, ಬೆಂಗಳೂರಿಂದ ತರಿಸಬೇಕಾ ಅಂತಲೂ ಕೇಳಿ. ಕಂಪನಿ ದೇಶದಲ್ಲಿ ಗಟ್ಟಿಯಾಗಿ ನಿಂತಿದೆಯಾ ಅನ್ನುವುದೂ ಬಾಳಿಕೆಯ ಭಾಗವೇ. ಶೆವ್ರೊಲೆ 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸಿತು. ಫೋರ್ಡ್ 2021ರಲ್ಲಿ ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಒಳ್ಳೆಯ ಕಾರುಗಳಿದ್ದವರೂ ಬಿಡಿಭಾಗಕ್ಕೆ ಪರದಾಡಿದರು.

ಯಾವುದನ್ನೇ ತೆಗೆದುಕೊಂಡರೂ ವಿಸ್ತರಿಸಿದ ವಾರಂಟಿಯನ್ನು ಮೂಲ ವಾರಂಟಿ ಮುಗಿಯುವ ಮೊದಲೇ ಮಾಡಿಸಿ. ಬಹಳಷ್ಟು ಕಂಪನಿಗಳು ಮುಗಿದ ಮೇಲೆ ಕೊಡುವುದಿಲ್ಲ. ಎಷ್ಟು ವರ್ಷದವರೆಗೆ ಸಿಗುತ್ತದೆ ಅನ್ನುವುದನ್ನು ಬುಕ್ ಮಾಡುವ ಮೊದಲೇ ಬರವಣಿಗೆಯಲ್ಲಿ ಕೇಳಿ. ಬುಷ್, ಬ್ರೇಕ್, ಕ್ಲಚ್‌ನಂಥ ಸವೆಯುವ ಭಾಗಗಳಿಗೆ ಅದು ಸಾಮಾನ್ಯವಾಗಿ ಬರುವುದಿಲ್ಲ. ಎಂಜಿನ್ನಿಗೆ ನೀರು ನುಗ್ಗಿದರೂ, ಇಲಿ ವೈರ್ ಕಡಿದರೂ ಬರುವುದಿಲ್ಲ. ನೀರಿನದಕ್ಕೆ ಇನ್ಶೂರೆನ್ಸಿನಲ್ಲಿ ಎಂಜಿನ್ ಪ್ರೊಟೆಕ್ಟ್ ಅಂತ ಬೇರೆ ಹಾಕಿಸಬೇಕು. ಇಲಿಯ ವಿಷಯ ಪಾಲಿಸಿಯಿಂದ ಪಾಲಿಸಿಗೆ ಬೇರೆ, ಏಜೆಂಟರಿಗೆ ನೇರವಾಗಿ ಕೇಳಿ. ತೋಟದ ಮನೆಯಲ್ಲಿ ಕಾರು ಎರಡು ದಿನ ನಿಂತರೆ ರಾತ್ರಿ ಬಾನೆಟ್ ತೆರೆದು ಬಿಡುವ ಪದ್ಧತಿ ನಿಮ್ಮ ಕಡೆ ಇರಬಹುದು. ಕತ್ತಲು, ಬಿಸಿ ಎರಡೂ ಇಲ್ಲದಿದ್ದರೆ ಇಲಿ ಗೂಡು ಮಾಡುವುದು ಕಡಿಮೆ. ಹೊಸ ಕಾರಿಗೂ ಅದನ್ನು ಮುಂದುವರಿಸಿ, ಬ್ಯಾಟರಿ ಇಳಿಯದಂತೆ ಬಾನೆಟ್ ಒಳಗೆ ಲೈಟ್ ಇದ್ದರೆ ಆರಿಸಿ.